ಮಳೆ ಬಂದ ಮೇಲೆ ಸಿಕ್ಕಿದ ರಾಣಿ ಗೊದ್ದವನ್ನು ಮನೆಯಲ್ಲಿ ಸಾಕಬಹುದಾ? ಏನು ತಿನ್ನಿಸಬೇಕು?

ಖಂಡಿತ ಸಾಕಬಹುದು, ಆದರೆ ಶುರುವಿನಲ್ಲಿ ಏನನ್ನೂ ತಿನ್ನಿಸಬೇಡಿ. ಕಪ್ಪು ಗೊದ್ದದ ರಾಣಿ ರೆಕ್ಕೆ ಕಳಚಿದ ಮೇಲೆ ಆ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡು, ಅದರಲ್ಲೇ ತಾನೂ ಬದುಕಿ ಮೊದಲ ಮರಿಗಳನ್ನೂ ಸಾಕುತ್ತಾಳೆ. ಎಂಥ ತಾಯಿ ಅಲ್ವಾ!

ಟೆಸ್ಟ್ ಟ್ಯೂಬಿನ ಮೂರನೇ ಒಂದು ಭಾಗ ನೀರು ತುಂಬಿಸಿ, ನೀರಿಗೆ ತಾಗುವಂತೆ ಹತ್ತಿ ಒತ್ತಿ, ರಾಣಿಯನ್ನು ಒಳಗೆ ಬಿಟ್ಟು ಬಾಯಿಗೂ ಹತ್ತಿ ಇಡಿ. ಕತ್ತಲಲ್ಲಿಡಿ. ಸುಮ್ನೆ ಪದೇ ಪದೇ ತೆಗೆದು ನೋಡಿದರೆ ಗಾಬರಿಯಾಗಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು, ಹಾಗಾಗಿ ವಾರಕ್ಕೊಮ್ಮೆ ಇಣುಕಿದರೆ ಸಾಕು. ಬೆಚ್ಚಗಿದ್ದರೆ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಪುಟ್ಟ ಕೆಲಸಗಾರ ಗೊದ್ದಗಳು ಬರುತ್ತವೆ. ಆಗ ಒಂದು ಹನಿ ಸಕ್ಕರೆ ನೀರು, ನೊಣದ ಚೂರು ಕೊಡಿ. ಕೀಟನಾಶಕ ಹೊಡೆದು ಸಾಯಿಸಿದ ನೊಣ ಮಾತ್ರ ಬೇಡವೇ ಬೇಡ.