ಕಾನಿಯೋ ಅಳುತ್ತಲೇ ಹಾಡಬೇಕೆ?

ಪ್ರಶ್ನೆ: ‘ಪಾಲ್ಯಾಚಿ’ ಆಪೆರಾದಲ್ಲಿ ಹೆಂಡತಿಯ ದ್ರೋಹ ತಿಳಿದ ವಿದೂಷಕ ಕಾನಿಯೋ ಹಾಡುವ ‘ವೆಸ್ತಿ ಲಾ ಜುಬ್ಬಾ’ದಲ್ಲಿ ಕೆಲವರ ದನಿ ಬಿರಿಯುವುದೇಕೆ?

ಉತ್ತರ: ಅಳು ತೀರಾ ಬೇಗ ಶುರುವಾಗುವುದರಿಂದ. ‘ರೆಚಿತಾರ್’ (ನಟಿಸುವುದು) ಎಂಬ ಮೊದಲ ಪದಕ್ಕೇ ಬಿಕ್ಕಿದರೆ ಗಂಟಲು ಬಿಗಿಯುತ್ತದೆ. ಮುಂದೆ ‘ರಿದಿ, ಪಾಲ್ಯಾಚೋ’ (ನಗು, ವಿದೂಷಕ) ಎಂದು ದನಿ ಮೇಲಿನ ‘ಎ’ ಸ್ವರಕ್ಕೆ ಏರುವಾಗ ಉಸಿರು ಸಾಲದು. ಆರಂಭವನ್ನು ಮಾತಿನಂತೆ, ಒತ್ತಡವಿಲ್ಲದೆ ಹಾಡಬೇಕು. ಮುಖಕ್ಕೆ ಹಿಟ್ಟು ಬಳಿದುಕೊಳ್ಳುವ ಸಾಲಿನಲ್ಲೂ ದನಿ ಉಳಿಸಿಕೊಂಡು, ‘ರಿದಿ’ಗೆ ಮುಂಚೆ ಪಕ್ಕೆ ಅಗಲಿಸಿ ಉಸಿರು ತುಂಬಿಕೊಳ್ಳಬೇಕು, ಭುಜ ಮೇಲೆದ್ದರೆ ಆ ಉಸಿರು ನಿಲ್ಲದು.

1892ರಲ್ಲಿ ಮಿಲಾನ್‌ನಲ್ಲಿ ಮೊದಲು ರಂಗಕ್ಕೆ ಬಂದ ಈ ಕೃತಿಯಲ್ಲಿ ಸಂಗೀತ ರಚಿಸಿದ ಲಿಯೋನ್‌ಕವಾಲ್ಲೋ ಹಾಡಿನ ನಂತರದ ದುಃಖವನ್ನು ವಾದ್ಯವೃಂದಕ್ಕೆ ಒಪ್ಪಿಸಿದ್ದಾನೆ. ಎಂಥ ಅದ್ಭುತ ಸಂಗೀತವದು! ಅದರ ಮೇಲೆ ಜೋರಾಗಿ ಬಿಕ್ಕಿ ಅದನ್ನು ಮುಚ್ಚಿಹಾಕಬಾರದು.