ಷಡ್ಡಕನದು 70 ಗ್ರಾಂ, ನಿದ್ದೆ ಕೆಟ್ಟಿರೋದು ನನ್ನದು!

ಪ್ರಶ್ನೆ: ನನಗೆ 66 ವರ್ಷ. ತಿಪಟೂರು ಹತ್ತಿರ ತೆಂಗಿನ ತೋಟ ಇದೆ. ರಾತ್ರಿ ನಾಲ್ಕು ಸಲ ಒಂದಕ್ಕೆ ಏಳುತ್ತೇನೆ. ಹೋದರೂ ತಕ್ಷಣ ಬರುವುದಿಲ್ಲ, ಬಂದರೂ ಸಣ್ಣ ಧಾರೆ. ಮುಗಿಯಿತು ಅಂತ ಬಂದರೆ ಪಂಚೆ ಮೇಲೆ ನಾಲ್ಕು ಹನಿ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 38 ಗ್ರಾಂ, ‘ಮೀಡಿಯನ್ ಲೋಬ್ ಮೂತ್ರಚೀಲದೊಳಗೆ ಚಾಚಿದೆ’ ಅಂತ ಬಂದಿದೆ. ನನ್ನ ಷಡ್ಡಕನದು 70 ಗ್ರಾಂ, ಅವನು ಬೆಳಗಿನ ತನಕ ಗೊರಕೆ ಹೊಡೆಯುತ್ತಾನೆ. ನನ್ನ ರಿಪೋರ್ಟ್ ತಪ್ಪಿರಬಹುದೇ? ಇದು ಮುಂದೆ ಕ್ಯಾನ್ಸರ್ ಆಗುತ್ತಾ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಸಂಜೆ ಹೊತ್ತಿಗೆ ಪಾದ ಊದುತ್ತದೆ.

ಉತ್ತರ: ರಿಪೋರ್ಟ್ ತಪ್ಪಿರಲಿಕ್ಕಿಲ್ಲ ಸ್ವಾಮಿ. ತೂಕ ಹೋಲಿಸಿ ನೋಡಿದ್ದೇ ತಪ್ಪು. ನನ್ನ ಕ್ಲಿನಿಕ್‌ನಲ್ಲೂ ಇಬ್ಬರು ಪಕ್ಕಪಕ್ಕ ಕೂತರೆ ‘ನಿಮ್ಮದೆಷ್ಟು ಗ್ರಾಂ’ ಅಂತಲೇ ಮಾತು ಶುರು. ನಿಮ್ಮೂರ ಕೊಬ್ಬರಿ ಮಾರ್ಕೆಟ್ಟೇ ಸರಿ!

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿರುವ ಒಂದು ಗ್ರಂಥಿ, ಇರುವುದು ಮೂತ್ರಚೀಲದ ಕುತ್ತಿಗೆ ಕೆಳಗೆ. ಹರೆಯದಲ್ಲಿ ಸುಮಾರು 20 ಗ್ರಾಂ, ಒಂದು ಬೆಟ್ಟದ ನೆಲ್ಲಿಕಾಯಿಯಷ್ಟು. ಮೂತ್ರನಾಳ ಅದರ ನಡುವೆಯೇ ತೂರಿಕೊಂಡು ಹೋಗುತ್ತದೆ. ವಯಸ್ಸಾದಂತೆ ಬೆಳೆಯುವುದು ಈ ನಾಳದ ಸುತ್ತಲಿನ ಒಳಭಾಗ. ಅದು ಹೊರಗಡೆಗೆ ಬೆಳೆದರೆ 70 ಗ್ರಾಂ ಆದರೂ ದಾರಿ ಬಿಟ್ಟಿರಬಹುದು. ನಿಮ್ಮದರಲ್ಲಿ ನಡುವಿನ ಹಾಲೆ, ರಿಪೋರ್ಟ್ ಹೇಳುವ ‘ಮೀಡಿಯನ್ ಲೋಬ್’, ಮೇಲಕ್ಕೆ, ಚೀಲದೊಳಕ್ಕೇ ಚಾಚಿದೆ. ನೀವು ತಿಣುಕಿದಾಗ ಅದೇ ಬಿರಡೆ ಥರ ಬಾಯಿಗೆ ಅಡ್ಡ ಕೂರುತ್ತದೆ. ಅದಕ್ಕೇ ತಿಣುಕಬೇಡಿ. ನಿಂತು ಬರದಿದ್ದರೆ ಕೂತು, ನಿಧಾನವಾಗಿ ಮಾಡಿ. ಒಮ್ಮೆ ಮಾಡಿ, ಅರೆ ನಿಮಿಷ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿ.

ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ, ಗುದದ್ವಾರದ ಕಡೆಗೆ. ಡಾಕ್ಟರು ಬೆರಳು ಹಾಕಿ ನೋಡುವುದು ಅದನ್ನೇ. ನಾಚಿಕೊಳ್ಳಬೇಡಿ, ಅರ್ಧ ನಿಮಿಷದ ಕೆಲಸ. ಈ ಊತವೇ ತಿರುಗಿ ಕ್ಯಾನ್ಸರ್ ಆಗುವುದಿಲ್ಲ, ಆದರೆ ಎರಡೂ ಒಬ್ಬರಲ್ಲೇ ಇರಬಹುದು. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ನೋಡುವ ಪಿಎಸ್‌ಎ ರಕ್ತಪರೀಕ್ಷೆ ಬೇಕೇ ಅಂತ ಅವರನ್ನೇ ಕೇಳಿ.

ಇನ್ನು ಆ ನಾಲ್ಕು ಸಲ. ಪೂರ್ತಿ ತಪ್ಪನ್ನು ಪ್ರಾಸ್ಟೇಟ್ ಮೇಲೆ ಹಾಕಬೇಡಿ. ಪಾದ ಊದುತ್ತದೆ ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ಹಗಲು ಕಾಲಲ್ಲಿ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಬಂದು ಮೂತ್ರವಾಗುತ್ತದೆ. ಆಮ್ಲೋಡಿಪಿನ್ ಥರದ ಬಿಪಿ ಮಾತ್ರೆಗೂ ಕಾಲು ಊದುವುದುಂಟು. ನೀವಾಗಿ ಮಾತ್ರೆ ಬಿಡಬೇಡಿ, ಚೀಟಿ ತೋರಿಸಿ ಕೇಳಿ. ಸಕ್ಕರೆಯನ್ನೂ ನೋಡಿಸಿ.

ಮೂರು ದಿನ ಒಂದು ಲೆಕ್ಕ ಇಡಿ: ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಎಷ್ಟು ಎಂಎಲ್ ಹೋಯಿತು. ದಿನದ ಒಟ್ಟಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಹೋಗುತ್ತಿದ್ದರೆ ಪ್ರಾಸ್ಟೇಟ್ ಒಂದೇ ಕಾರಣ ಅಲ್ಲ. ನನಗೂ 61. ಎರಡು ಸಲ ಏಳಲು ಶುರುವಾದಾಗ ಅಡುಗೆಮನೆಯ ಅಳತೆ ಜಗ್ ಕದ್ದು ನಾನೂ ಲೆಕ್ಕ ಇಟ್ಟೆ. ರಾತ್ರಿ ಊಟದ ಮೇಲೆ ಎರಡು ಲೋಟ ಮಜ್ಜಿಗೆ ಕುಡಿಯುತ್ತಿದ್ದೆ, ಸಿಕ್ಕಿಬಿತ್ತು. ಆ ಜಗ್‌ನ್ನು ಮನೆಯವರು ಮತ್ತೆ ಒಳಗೆ ಸೇರಿಸಲಿಲ್ಲ, ಅದು ಬೇರೆ ಮಾತು.

ಟಾಮ್ಸುಲೋಸಿನ್ ಮಾತ್ರೆ ಚೀಲದ ಕುತ್ತಿಗೆಯ ಬಿಗಿ ಸಡಿಲಿಸುತ್ತದೆ, ಕೆಲವು ದಿನಗಳಲ್ಲೇ ಗೊತ್ತಾಗುತ್ತದೆ. ತಟ್ಟನೆ ಎದ್ದರೆ ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್‌ಗೆ ಆರು ತಿಂಗಳಾದರೂ ಬೇಕು. ಅದು ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ, ಪರೀಕ್ಷೆ ಮಾಡಿಸುವಾಗ ನೆನಪಿಸಿ. ಆದರೆ ನಡುವಿನ ಹಾಲೆ ಹೀಗೆ ಚಾಚಿದ್ದರೆ ಮಾತ್ರೆ ಸೋಲುವುದು ಹೆಚ್ಚು. ಆಗ ಮೂತ್ರನಾಳದ ಮೂಲಕವೇ ಅದನ್ನು ಕೆರೆದು ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಆಮೇಲೆ ವೀರ್ಯ ಹೊರಬರದೆ ಹಿಂದಕ್ಕೆ ಚೀಲಕ್ಕೆ ಹೋಗುವುದು ಸಾಮಾನ್ಯ, ಮೊದಲೇ ಕೇಳಿ ತಿಳಿದುಕೊಳ್ಳಿ.

ಒಂದು ಎಚ್ಚರಿಕೆ. ನೆಗಡಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಮಾತ್ರೆ ಕೆಳಗೆ ಕಟ್ಟಿಬಿಡುತ್ತವೆ. ಮೂತ್ರ ಪೂರ್ತಿ ನಿಂತು ಕಿಬ್ಬೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತ ಕಂಡರೆ, ಚಳಿಜ್ವರ ಬಂದರೆ ಕೂಡ ತಡ ಮಾಡಬೇಡಿ.

ಅಂದ ಹಾಗೆ, ನಿಮ್ಮ ಷಡ್ಡಕರಿಗೂ ಒಂದು ಮಾತು ಹೇಳಿ. ಕೆಲವರಿಗೆ ಚೀಲದಲ್ಲಿ ಮೂತ್ರ ಉಳಿದು ಉಳಿದು, ತೊಂದರೆಯೇ ಗೊತ್ತಾಗದೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಅಂತ ಅವರೂ ಒಮ್ಮೆ ಸ್ಕ್ಯಾನ್ ಮಾಡಿಸಲಿ.