ಸೋರಿಯಾಸಿಸ್ ಪೂರ್ತಿ ವಾಸಿಯಾಗುವವರೆಗೆ ಮನಸ್ಸನ್ನು ಗಟ್ಟಿಯಾಗಿಟ್ಟುಕೊಳ್ಳುವುದು ಹೇಗೆ?

ಮಂಗಳೂರಿನಲ್ಲಿ ಪದವಿ ಓದುತ್ತಿರುವ ನೀವು, ಮೈಮೇಲಿನ ಕಲೆಗಳು ಪೂರ್ತಿ ಮಾಯುವ ತನಕ ತರಗತಿ ಬಿಟ್ಟರೆ ಹಾಸ್ಟೆಲ್ ಕೋಣೆಯಲ್ಲೇ ಇರುವುದಾಗಿ ಹೇಳಿ, ಅಲ್ಲಿಯವರೆಗೆ ಧೈರ್ಯ ಕಾಯ್ದುಕೊಳ್ಳುವ ದಾರಿ ಕೇಳಿದ್ದೀರಿ. ಇದೇ ಹಟ ಹಿಡಿದು ಹರೆಯದ ಬಹುಭಾಗವನ್ನು ಉಡುಪಿಯ ಮನೆಯ ಒಂದು ಕೋಣೆಯಲ್ಲಿ ಕಳೆದವನು ನಾನು.

ಕರಾವಳಿಯ ಗಂಡಸಿಗೆ ಈ ಕಾಯಿಲೆ ಬಂದರೆ ಮೊದಲು ತಪ್ಪಿಹೋಗುವುದು ದೇವಸ್ಥಾನ. ಕೃಷ್ಣಮಠದಲ್ಲಿ ದರ್ಶನಕ್ಕೆ ಅಂಗಿ ತೆಗೆಯಬೇಕು. ನನ್ನ ಬೆನ್ನಿನ ತುಂಬ ಕೆಂಪು ಕಲೆ, ಅದರ ಮೇಲೆ ಬೆಳ್ಳಗಿನ ಹೊಟ್ಟು. ಒಮ್ಮೆ ಸರದಿಯಲ್ಲಿ ನನ್ನ ಹಿಂದಿದ್ದ ಹಿರಿಯರೊಬ್ಬರು ಏನೂ ಹೇಳದೆ ಮೊಮ್ಮಗನ ತೋಳು ಹಿಡಿದು ತಮ್ಮ ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡರು. ಆಮೇಲೆ ಅತ್ತ ಹೋಗುವುದನ್ನೇ ಬಿಟ್ಟೆ. ತುಳುನಾಡಿನಲ್ಲಿ ಚರ್ಮದ ಕಾಯಿಲೆಗೂ ನಾಗದೋಷಕ್ಕೂ ಹಳೆಯ ನಂಟು ಕಲ್ಪಿಸಲಾಗಿದೆಯಷ್ಟೆ. ಮನೆಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದರು, ಕುಟುಂಬದ ಮೂಲ ನಾಗಬನ ಹುಡುಕಿದರು, ನಾಗನಿಗೆ ಆಶ್ಲೇಷಾ ಬಲಿ ಎಂಬ ಪೂಜೆ ಮಾಡಿಸಿದರು. ಎಲ್ಲವೂ ಪ್ರೀತಿಯಿಂದಲೇ ನಡೆದದ್ದು. ಆದರೆ ಕಲೆಗಳು ಮತ್ತೆ ಎದ್ದಾಗಲೆಲ್ಲ, ಅಷ್ಟು ಖರ್ಚು ಮಾಡಿಸಿಯೂ ವಾಸಿಯಾಗದವನು ಎಂಬ ಅಪರಾಧಿ ಭಾವ ನನ್ನನ್ನು ತಿನ್ನುತ್ತಿತ್ತು. ಅಮ್ಮ ಕಸ ಗುಡಿಸಲು ಬರುವ ಮೊದಲೇ ಎದ್ದು ಹಾಸಿಗೆ ಕೊಡವುತ್ತಿದ್ದೆ.

ನನಗೆ ತೀರ ದುಬಾರಿಯಾದ ತಪ್ಪನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ನಾನು ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಏಕೆಂದರೆ ಬಸ್ಸಿನಲ್ಲಿ ಜನ ನೋಡುತ್ತಾರೆ; ಕಲೆ ತಗ್ಗಿದ ಮೇಲೆ ಉದ್ದ ತೋಳಿನ ಅಂಗಿ ತೊಟ್ಟು ಹೋಗಿ ಹಳೆಯ ಮುಲಾಮನ್ನೇ ಮತ್ತೆ ಬರೆಸಿಕೊಂಡು ಬರುತ್ತಿದ್ದೆ. ಹೀಗಾಗಿ ವೈದ್ಯರು ನನ್ನ ಕಾಯಿಲೆಯ ನಿಜವಾದ ರೂಪವನ್ನು ಕಂಡದ್ದೇ ಇಲ್ಲ. ಆ ಕಾಲದಲ್ಲೇ ಬೆಳಗ್ಗೆ ಎದ್ದಾಗ ಬಲಗೈಯ ತೋರುಬೆರಳು ಸೆಟೆದುಕೊಂಡಿರುತ್ತಿತ್ತು. ಹಲ್ಲುಜ್ಜುವ ಬ್ರಷ್ಷನ್ನು ಎಡಗೈಯಲ್ಲಿ ಹಿಡಿಯಬೇಕಾಗುತ್ತಿತ್ತು. ಉಗುರುಗಳ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತಹ ಸಣ್ಣ ಗುಳಿಗಳಿದ್ದವು. ಇವೆರಡನ್ನೂ ವೈದ್ಯರಿಗೆ ಹೇಳಲಿಲ್ಲ. ಚರ್ಮದ ವೈದ್ಯರ ಮುಂದೆ ಬೆರಳುನೋವಿನ ಮಾತೇಕೆ ಎಂದುಕೊಂಡೆ; ಮನೆಗೆ ತಿಳಿದರೆ ಇನ್ನೊಂದು ಪ್ರಶ್ನೆ ಇಡಿಸುತ್ತಾರೆಂಬ ಅಂಜಿಕೆಯೂ ಇತ್ತು. ಅದು ಸೋರಿಯಾಸಿಸ್‌ಗೆ ಅಂಟಿಕೊಂಡೇ ಬರುವ ಸಂಧಿವಾತವೆಂದು ಗೊತ್ತಾಗುವಷ್ಟರಲ್ಲಿ ಬೆರಳಿನ ತುದಿಗೆಣ್ಣು ಸವೆದು ಬಾಗಿ ನಿಂತಿತ್ತು. ಬೇಗ ಔಷಧ ಶುರುವಾಗಿದ್ದರೆ ಉಳಿಸಿಕೊಳ್ಳುವ ಅವಕಾಶವಿತ್ತೆಂದು ವೈದ್ಯರು ಹೇಳಿದರು. ಚರ್ಮದ ಕಲೆ ಹೋಗಿ ಬರುತ್ತದೆ, ಸವೆದ ಗೆಣ್ಣು ಹಿಂದಿನಂತಾಗುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ‘ಪೂರ್ತಿ ವಾಸಿಯಾಗುವವರೆಗೆ’ ಎಂಬ ಗಡುವೇ ಇಲ್ಲಿಲ್ಲ. ಇದನ್ನು ಬೇರುಸಹಿತ ವಾಸಿಮಾಡುವ ಚಿಕಿತ್ಸೆಯಿಲ್ಲವೆಂಬುದನ್ನು ವಿಶ್ವ ಆರೋಗ್ಯ ಸಭೆ 2014ರ ನಿರ್ಣಯದಲ್ಲೇ ಹೇಳಿದೆ. ಹತೋಟಿಯಲ್ಲಿಡುವ ಚಿಕಿತ್ಸೆಗಳು ಮಾತ್ರ ಬೇಕಾದಷ್ಟಿವೆ. ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸಿನಲ್ಲಿ ಹೊಸದಾಗುವ ಚರ್ಮ, ದೇಹದ ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನಿಂದಾಗಿ ಇಲ್ಲಿ ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಾಗಿ ಉದುರುತ್ತದೆ. ಅದು ಯಾರಿಗೂ ಅಂಟುವುದಿಲ್ಲ, ನಿಮ್ಮ ಕೊಳಕಿನಿಂದ ಬಂದದ್ದೂ ಅಲ್ಲ. ಕೋಣೆಯ ಸಹವಾಸಿಗೆ ಇಷ್ಟನ್ನು ನೀವೇ ಹೇಳಿಬಿಡಿ. ಉದ್ದ ತೋಳಿನ ಅಂಗಿಯೊಳಗೆ ಗುಟ್ಟು ಕಾಯುವ ಆಯಾಸ ತುರಿಕೆಗಿಂತ ಹೆಚ್ಚಿನದು.

ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಉಪದೇಶವೂ ನನಗೆ ರುಚಿಸದು. ಗಟ್ಟಿ ಮಾಡಿಕೊಂಡೇ ನಾನು ಬೆರಳು ಕಳೆದುಕೊಂಡದ್ದು. ಈ ಕಾಯಿಲೆಯಿರುವವರಲ್ಲಿ ಖಿನ್ನತೆ ಹೆಚ್ಚು ಕಾಣಿಸಿಕೊಳ್ಳುತ್ತದೆಂಬುದು ವೈದ್ಯರಿಗೆ ಗೊತ್ತಿರುವ ವಿಷಯವೇ. ನಿದ್ದೆ ಬರುತ್ತಿಲ್ಲ, ಬದುಕು ಸಾಕೆನಿಸುತ್ತಿದೆ ಎಂದು ಹೇಳಿದರೆ ಯಾರೂ ನಗುವುದಿಲ್ಲ. ನಾನು ಕೊನೆಗೆ ಹೇಳಿದ ದಿನ ವೈದ್ಯರು ಪೆನ್ನು ಕೆಳಗಿಟ್ಟು, ಅದೇ ಕಟ್ಟಡದ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಎದುರು ಕುಳಿತು ಹೇಳಲು ಬಾಯಿ ಬರದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ.

ಮನೆಯವರು ಪೂಜೆ ಮಾಡಿಸಿದರೆ ಮಾಡಿಸಲಿ, ಜಗಳ ಬೇಡ. ಆದರೆ ‘ಬುಡಸಮೇತ ಕೀಳುತ್ತೇನೆ’ ಎಂದು ಹೆಸರಿಲ್ಲದ ಪುಡಿ ಕೊಡುವವರ ಹತ್ತಿರ ಹೋಗಬೇಡಿ. ಅಂಥದರಲ್ಲಿ ಸ್ಟೀರಾಯ್ಡ್ ಬೆರೆತಿದ್ದು, ನಿಲ್ಲಿಸಿದ ಕೂಡಲೇ ಕಾಯಿಲೆ ಇಮ್ಮಡಿಯಾಗಿ ಮರಳುವುದುಂಟು. ವೈದ್ಯರು ಮೆಥೊಟ್ರೆಕ್ಸೇಟ್ ಬರೆದರೆ ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ ಎಂಬುದನ್ನು ಮರೆಯಬೇಡಿ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಮುಂದಿನ ಭೇಟಿಯನ್ನು ಕಲೆಗಳು ತಗ್ಗಲೆಂದು ಮುಂದೂಡಬೇಡಿ. ಅತಿ ಕೆಟ್ಟದಾಗಿರುವಾಗಲೇ ಹೋಗಿ. ಹೋಗಲಾಗದಿದ್ದರೆ ಆ ದಿನದ ಫೋಟೊ ತೆಗೆದಿಟ್ಟುಕೊಳ್ಳಿ. ಉಗುರು ತೋರಿಸಿ, ಬೆಳಗಿನ ಹೊತ್ತು ಬೆರಳು, ಹಿಮ್ಮಡಿ, ಸೊಂಟ ಹಿಡಿದುಕೊಳ್ಳುತ್ತವೆಯೇ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.